ಟೊಪ್ಪಿಗೆ ತೆಗೆಯದ ಗುಮಾಸ್ತ

ನೈರೋಬಿ
10 ಆಗಸ್ಟ್ 2003

ಅಮ್ಮಾ,

ಕಳೆದ ಸಲ ಮೈಸೂರಿಗೆ ಬಂದಾಗ ನಿನ್ನ ಕಪಾಟಿನಿಂದ ಒಂದು ಹಸಿರು ಪುಸ್ತಕ ಕದ್ದು ತಂದಿದ್ದೆ. ಹಳೆಯ ಇಂಗ್ಲಿಷ್ ನಾಟಕಗಳದ್ದು, ಬೆನ್ನು ಕಿತ್ತುಹೋದದ್ದು. ಅದರ ಕೊನೆಯ ಕಾಮಿಡಿಯನ್ನು ಕನ್ನಡ ಮಾಡುತ್ತಿದ್ದೇನೆ. ಬರೆದವರ ಹೆಸರು ಗೊತ್ತಿಲ್ಲ ಎಂದು ಅಚ್ಚಾಗಿದೆಯಲ್ಲ, ಅದು. ಇಲ್ಲಿನ ಕನ್ನಡ ಮಂಡಳಿಯವರು ರಾಜ್ಯೋತ್ಸವಕ್ಕೆ ನಾಟಕ ಬೇಕು ಎಂದರು. "ನೀವು ಸಿಂಗಲ್ಲು, ಟೈಮ್ ಇರುತ್ತೆ" ಎಂದು ಕೆಲಸ ನನ್ನ ತಲೆಗೆ ಕಟ್ಟಿದರು. ಗಿಗಿರಿಯ ಆಫೀಸಿನಲ್ಲಿ ದಿನವಿಡೀ ನೀರಿನ ಯೋಜನೆಗಳ ವರದಿ ಬರೆಯುವವಳಿಗೆ ಎಷ್ಟು ಟೈಮ್ ಇರುತ್ತದೆ ಎಂದು ಯಾರೂ ಕೇಳಲಿಲ್ಲ.

ಮೂವತ್ತು ವರ್ಷ ಪಾಠ ಮಾಡಿದ ನಿನಗೆ ಕಥೆ ಹೇಳಬೇಕಾಗಿಲ್ಲ. ಆದರೂ ಮಂಡಳಿಗೆ ಹೇಳಿದಂತೆಯೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಮುದುಕನೊಬ್ಬನಿಗೆ ಕಟ್ಟುತ್ತಾರೆಂದು ಹೆದರಿದ ಹುಡುಗಿ ಮನೆ ಬಿಟ್ಟು, ಗಂಡುಬಟ್ಟೆ ತೊಟ್ಟು, ಬಂದರಿನ ಊರಿನಲ್ಲಿ ಉಪ್ಪಿನ ವ್ಯಾಪಾರ ಮಾಡುವ ಶ್ರೀಮಂತ ವಿಧವೆಯ ಹತ್ತಿರ ಗುಮಾಸ್ತನಾಗಿ ಸೇರುತ್ತಾಳೆ. ವಿಧವೆಗೆ ಗುಮಾಸ್ತನ ಮೇಲೆ ಮನಸ್ಸಾಗುತ್ತದೆ. ಐದನೆಯ ಅಂಕದಲ್ಲಿ ಗುಮಾಸ್ತ ಟೊಪ್ಪಿಗೆ ತೆಗೆಯುತ್ತಾನೆ, ಕೂದಲು ಕೆಳಗೆ ಬೀಳುತ್ತದೆ, ಎಲ್ಲರೂ ಹೌಹಾರುತ್ತಾರೆ. ಹುಡುಗಿಯನ್ನು ಹಡಗಿನ ಕಪ್ತಾನ ಮದುವೆಯಾಗುತ್ತಾನೆ. ನಾಚಿಕೆಪಟ್ಟ ವಿಧವೆ ಊರ ನ್ಯಾಯಾಧೀಶನಿಗೆ ಹೂಂ ಅನ್ನುತ್ತಾಳೆ.

ಗಂಡಸರು ಯಾರೂ ತಾಲೀಮಿಗೆ ಬರುವುದಿಲ್ಲ. ಫ್ಯಾಕ್ಟರಿ, ಶಿಫ್ಟು, ಮೊಂಬಾಸಾ ರಸ್ತೆಯ ಟ್ರಾಫಿಕ್ಕು. ಹಾಗಾಗಿ ಎಲ್ಲ ಪಾತ್ರಗಳೂ ಹೆಂಗಸರಿಗೇ! ಮಂಡಳಿಯ ಅಧ್ಯಕ್ಷರು ಶ್ರೀನಿವಾಸಮೂರ್ತಿಗಳು, ಅವರ ಹೆಂಡತಿ ಗಿರಿಜಾ ಆಂಟಿ ನ್ಯಾಯಾಧೀಶ. ನಿನ್ನೆ ಮೀಸೆ ಅಂಟಿಸಿಕೊಂಡು ತಮ್ಮದೇ ಗೇಟಿನ ಹತ್ತಿರ ಹೋದರಂತೆ. ಕಾವಲುಗಾರ ಎದ್ದು ನಿಂತು "ಜಾಂಬೊ ಬ್ವಾನಾ", ಅಂದರೆ ನಮಸ್ಕಾರ ಯಜಮಾನರೇ, ಎಂದು ಸಲಾಮು ಹೊಡೆದ. "ಎಂಟು ವರ್ಷದಿಂದ ಈ ಮನೇಲಿದೀನಿ ವಸು, ಇವತ್ತೇ ಕಣೇ ಅವನು ನನಗೆ ಎದ್ದು ನಿಂತಿದ್ದು" ಎಂದು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಗುಮಾಸ್ತ ನಾನು. ವಿಧವೆ ಪ್ರಿಯಂವದಾ ಅಂತ, ಸೌತ್ ಸಿ ಬಡಾವಣೆಯಲ್ಲಿದ್ದಾರೆ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ಬೆಂಗಳೂರಿನವರು. ಡೈವೋರ್ಸ್ ಆಗಿದೆ, ನಿಕಿತಾ ಅಂತ ಎಂಟು ವರ್ಷದ ಮಗಳಿದ್ದಾಳೆ. ಅವರ ಕನ್ನಡ ಚೆನ್ನಾಗಿದೆ. ಒಳ್ಳೆಯ ಕಂಠ.

ವಸು

*

ಮೈಸೂರು
28 ಆಗಸ್ಟ್ 2003

ವಸು,

ಪುಸ್ತಕ ಹೋದದ್ದು ಆ ದಿನವೇ ಗೊತ್ತಾಗಿತ್ತು. ಕದ್ದವಳು ಓದುವವಳು ಎಂದು ಸುಮ್ಮನಿದ್ದೆ.

ಕಥೆಯನ್ನು ನೀನು ಸರಿಯಾಗಿಯೇ ಹೇಳಿದ್ದೀಯ, ಮುಖ್ಯವಾದದ್ದೊಂದನ್ನು ಬಿಟ್ಟು. ನಾನೂರು ವರ್ಷದ ಹಿಂದೆ ಲಂಡನ್ನಿನ ರಂಗದ ಮೇಲೆ ಹೆಂಗಸರು ಕಾಲಿಡುವಂತಿರಲಿಲ್ಲ. ಧ್ವನಿ ಒಡೆಯದ ಹುಡುಗರೇ ಹೆಣ್ಣಾಗುತ್ತಿದ್ದರು. ಅಂದಮೇಲೆ ನಿನ್ನ ಗುಮಾಸ್ತ ಯಾರು? ಹುಡುಗಿಯಾಗಿರುವ ಹುಡುಗ, ಮತ್ತೆ ಹುಡುಗನಾಗಿರುವ ಹುಡುಗಿ. ಅವನನ್ನು ಪ್ರೀತಿಸುವ ವಿಧವೆಯೂ ಸೀರೆಯೊಳಗಿನ, ತಪ್ಪು, ಗೌನಿನೊಳಗಿನ ಹುಡುಗನೇ. ಎದುರಿಗೆ ನಿಂತು ನೋಡುವವನಿಗೆ ತಾನು ಯಾರನ್ನು ಕಂಡು ಮೋಹಗೊಂಡೆ ಎಂಬುದೇ ತಿಳಿಯುತ್ತಿರಲಿಲ್ಲ. ಪಾದ್ರಿಗಳಿಗೆ ಸಿಟ್ಟು ಬಂದದ್ದು ಅದಕ್ಕೇ. ನಾಟಕದ ವಿರುದ್ಧ ಕರಪತ್ರಗಳನ್ನೇ ಬರೆದು ಹಂಚಿದರು. ಲಂಡನ್ನಿನ ಬೀದಿಯಲ್ಲಿ ಗಂಡಸರ ಟೊಪ್ಪಿಗೆ ಹಾಕಿಕೊಂಡು ಓಡಾಡಿದ ಹೆಂಗಸರಿಗೂ ಬೈಗುಳ ತಪ್ಪಲಿಲ್ಲ.

ನಾನು ತರಗತಿಯಲ್ಲಿ ಇಷ್ಟು ಹೇಳಿ, "ಅದು ಆ ಕಾಲದ ಸಂಪ್ರದಾಯ" ಎಂದು ಪುಟ ತಿರುಗಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಯಾರೂ ಪ್ರಶ್ನೆ ಕೇಳಲಿಲ್ಲ.

ಹೆಂಗಸರೇ ಎಲ್ಲ ಪಾತ್ರ ಮಾಡುವುದು ಒಳ್ಳೆಯದೇ. ನಮ್ಮ ಕಾಲೇಜು ಡೇಯಲ್ಲಿ ನಾನೂ ಒಮ್ಮೆ ರಾಜನಾಗಿದ್ದೆ. ಇದ್ದಿಲಿನ ಮೀಸೆ. ಸಿಂಹಾಸನದ ಮೇಲೆ ಕಾಲು ಅಗಲಿಸಿ ಕೂತಾಗ ಎಂಥ ಸುಖ ಅನ್ನುತ್ತೀ! ನಿನ್ನ ಅಜ್ಜ ಮೂರನೇ ಸಾಲಿನಲ್ಲಿದ್ದರು. ಮನೆಗೆ ಬಂದಮೇಲೆ ಏನೂ ಅನ್ನಲಿಲ್ಲ, ಮಾರನೆಯ ವರ್ಷ ನಾಟಕಕ್ಕೆ ನನ್ನ ಹೆಸರು ಕೊಡಲು ಬಿಡಲಿಲ್ಲ ಅಷ್ಟೆ.

ಇನ್ನೊಂದು ವಿಷಯ. ನಿನ್ನ ಗೋಪಿನಾಥ ಮಾವನಿಗೆ ಬೇಕಾದವರ ಮಗ ಧನಂಜಯ್, ಎಂಜಿನಿಯರ್, ಅಲ್ಲಿನ ಔಷಧಿ ಫ್ಯಾಕ್ಟರಿಯಲ್ಲಿದ್ದಾನೆ. ನಲವತ್ತಾಯಿತು, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ. ನಿನ್ನ ಫೋನ್ ನಂಬರು ಕೊಟ್ಟಿದ್ದೇನೆ. ಮೂವತ್ತೈದಾದವಳು ಮುಖ ಸಿಂಡರಿಸದೆ ಒಂದು ಸಲ ಮಾತಾಡು. ನಾನು ಇದಕ್ಕಿಂತ ಹೆಚ್ಚು ಕೇಳುವುದಿಲ್ಲ.

ಅಮ್ಮ

*

ನೈರೋಬಿ
16 ಸೆಪ್ಟೆಂಬರ್ 2003

ಅಮ್ಮಾ,

ಧನಂಜಯ್ ಫೋನ್ ಮಾಡಿದ್ದರು, ನಾನು ಮುಖ ಸಿಂಡರಿಸಲಿಲ್ಲ. ಭಾನುವಾರ ತಾಲೀಮಿಗೇ ಬಂದರು. ಒಳ್ಳೆಯ ಮನುಷ್ಯ, ಮಾತು ಕಮ್ಮಿ. ಗಿರಿಜಾ ಆಂಟಿಯ ಮನೆಯ ಹಾಲಿನಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ನೋಡಿ, "ಲೈಟ್ಸ್ ನಾನ್ ಮಾಡಿಕೊಡ್ಲಾ?" ಎಂದರು. ಅಂತೂ ಒಬ್ಬ ಗಂಡಸು ಸಿಕ್ಕಿದ.

ಈ ಸಲ ತಾಲೀಮು ಹೇಗಾಯಿತೆಂದು ನಿನಗೆ ಹೇಳಲೇಬೇಕು. ಮೂರನೆಯ ಅಂಕ ನೆನಪಿದೆಯಲ್ಲ, ಉಪ್ಪಿನ ಮೂಟೆಯ ಕೊಕ್ಕೆ ತಗುಲಿ ಗುಮಾಸ್ತನ ಕೈ ಸೀಳುವುದು, ವಿಧವೆ ತಾನೇ ಬೋಗುಣಿ ತಂದು ತೊಳೆಯುವುದು. ಅಲ್ಲಿಯವರೆಗೆ ಎಲ್ಲರೂ ನಗುತ್ತಲೇ ಇದ್ದರು. ಕಪ್ತಾನನ ಪಾತ್ರದ ಜಾಹ್ನವಿ ಚಿಪ್ಸ್ ತಿನ್ನುತ್ತಿದ್ದಳು. ಪ್ರಿಯಂವದಾ ನನ್ನ ಕೈ ಹಿಡಿದು ಬೋಗುಣಿಗೆ ತಂದು, "ಇಷ್ಟು ಮೃದುವಾದ ಕೈಯನ್ನು ದೇವರು ಗಂಡಸಿಗೆ ಯಾಕೆ ಕೊಟ್ಟ?" ಎಂದರು. ಆಮೇಲಿನದು ನಾನು ಎಷ್ಟೋ ಸಲ ತಿದ್ದಿ ಬರೆದ ಸಾಲು: "ಯಾಕಾದರೂ ಕೊಟ್ಟಿರಲಿ, ಈಗ ನನ್ನ ಕೈಯಲ್ಲಿದೆ." ಅದನ್ನು ಅವರು ಹೇಳಲೇ ಇಲ್ಲ. ನೀರು ಹೊಯ್ಯುತ್ತಲೇ ಇದ್ದರು. ಜಾಹ್ನವಿಯ ಚಿಪ್ಸ್ ಪೊಟ್ಟಣದ ಸದ್ದೂ ನಿಂತಿತು.

ಸೋಫಾದ ಮೇಲೆ ಹೋಂವರ್ಕ್ ಬರೆಯುತ್ತಿದ್ದ ನಿಕಿತಾ ತಲೆಯೆತ್ತಿ, "ಮಮ್ಮಿ, ಯು ಫರ್ಗಾಟ್ ಯುವರ್ ಲೈನ್" ಎಂದಳು.

"ಮರ್ತಿಲ್ಲ ಪುಟ್ಟಾ" ಎಂದಳು ಪ್ರಿಯಂವದಾ. "ಹೇಳ್ತೀನಿ ಇರು."

ನಾಟಕವೆಂದರೆ ಇಷ್ಟು ಎಂದು ನಾನು ತಿಳಿದಿರಲಿಲ್ಲ ಅಮ್ಮ. ಪ್ಯಾಂಟು ನಾನು ದಿನಾ ತೊಡುತ್ತೇನೆ, ಅದೇನೂ ಹೊಸದಲ್ಲ. ಆದರೆ ಆ ಟೊಪ್ಪಿಗೆ, ಆ ಉದ್ದ ಕೋಟು ಹಾಕಿಕೊಂಡ ಮೇಲೆ ನನ್ನ ನಡಿಗೆಗೇ ಒಂದು ನೆಮ್ಮದಿ ಬರುತ್ತದೆ. ಎಲ್ಲಿಂದಲೋ ತಡವಾಗಿ ಮನೆಗೆ ಬಂದು ಚಪ್ಪಲಿ ಬಿಟ್ಟಂತೆ.

ತಾಲೀಮು ಮುಗಿದಮೇಲೆ ಅವರಿಬ್ಬರನ್ನೂ ನಾನೇ ಕಾರಿನಲ್ಲಿ ಮನೆಗೆ ಬಿಟ್ಟು ಬರುತ್ತೇನೆ. ಮಗುವನ್ನು ಕರೆದುಕೊಂಡು ಎರಡೆರಡು ಮಟಾಟು ವ್ಯಾನು ಬದಲಾಯಿಸುವುದು ಕಷ್ಟ.

ವಸು

*

ಮೈಸೂರು
2 ಅಕ್ಟೋಬರ್ 2003

ವಸು,

ನಿನ್ನ ಪತ್ರ ಓದಿ ಬಹಳ ದಿನಗಳ ಮೇಲೆ ಪಾಯಸ ಮಾಡಿದೆ. ಹೆಚ್ಚು ಕೇಳುವುದಿಲ್ಲ ಎಂದಿದ್ದೆ, ಕೇಳುತ್ತಿಲ್ಲ. ಆದರೆ ಮಗಳ ಅಕ್ಷರ ಯಾವಾಗ ಬಲಕ್ಕೆ ವಾಲುತ್ತದೆ, ಯಾವಾಗ ನೆಟ್ಟಗೆ ನಿಲ್ಲುತ್ತದೆ ಎಂದು ತಾಯಿಗೆ ಗೊತ್ತಾಗುತ್ತದೆ. ಧನಂಜಯ್ ಭಾನುವಾರದ ರಜೆ ಬಿಟ್ಟು ಲೈಟು ಹಿಡಿಯಲು ಬರುತ್ತಾನೆಂದರೆ ಅವನ ಮನಸ್ಸೂ ತಿಳಿದಂತಾಯಿತು. ಗೋಪಿನಾಥನಿಗೆ ಹೇಳಿದೆ. ಜನವರಿಯಲ್ಲಿ ಇಬ್ಬರೂ ರಜೆ ಹಾಕಿ ಬರಬಹುದೇ ಎಂದು ವಿಚಾರಿಸುತ್ತಿದ್ದಾನೆ.

ನಾಟಕದ ಬಗ್ಗೆ ಒಂದು ಮಾತು, ಮೇಷ್ಟ್ರ ಮಾತು ಎಂದೇ ತಿಳಿ. ಈ ಕಾಮಿಡಿಗಳ ಗುಟ್ಟು ಇರುವುದು ಐದನೆಯ ಅಂಕದಲ್ಲಿ. ನಾಲ್ಕು ಅಂಕ ಏನು ಬೇಕಾದರೂ ಆಗಬಹುದು. ಹೆಣ್ಣು ಗಂಡಾಗಬಹುದು, ಆಳು ದೊರೆಯಾಗಬಹುದು, ಹೆಣ್ಣು ಹೆಣ್ಣಿಗೆ ಮನಸೋಲಬಹುದು. ಕೊನೆಗೆ ಎಲ್ಲರೂ ತಂತಮ್ಮ ಬಟ್ಟೆಗೆ ಮರಳುತ್ತಾರೆ, ಮರಳುತ್ತಾರೆಂದು ಗೊತ್ತಿರುವುದರಿಂದಲೇ ಜನ ನಗುತ್ತಾ ನೋಡುತ್ತಾರೆ. ಟೊಪ್ಪಿಗೆ ತೆಗೆಯುವ ಗಳಿಗೆಯನ್ನು ಚೆನ್ನಾಗಿ ಮಾಡು. ಕೂದಲು ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ಹೇರ್‌ಪಿನ್ನು ಜಾಸ್ತಿ ಹಾಕಬೇಡ.

ಸೌತ್ ಸಿ ಎಂಬುದು ನಿನ್ನ ಮನೆಯ ದಾರಿಯಲ್ಲಿದೆಯೇ? ನಾನು ಬಂದಿದ್ದಾಗ ಊರಿನ ಆಚೆ ತುದಿ ಎಂದು ಕೇಳಿದ ನೆನಪು.

ಅಮ್ಮ

*

ನೈರೋಬಿ
14 ಅಕ್ಟೋಬರ್ 2003

ಅಮ್ಮಾ,

ಗೋಪಿನಾಥ ಮಾವನಿಗೆ ರಜೆಯ ವಿಚಾರ ನಿಲ್ಲಿಸಲು ಹೇಳು. ಧನಂಜಯ್‌ಗೆ ನಾನೇ ಹೇಳಿದ್ದೇನೆ. ಅವರು, "ಗೊತ್ತಾಗಿತ್ತು ಬಿಡಿ. ಲೈಟ್ಸ್ ಆದ್ರೆ ನಾನೇ ಮಾಡ್ತೀನಿ, ಅದನ್ ತಪ್ಪಿಸಬೇಡಿ" ಎಂದರು. ನಿನ್ನ ಪಾಯಸ ವ್ಯರ್ಥವಾಯಿತು. ಅದಕ್ಕೊಂದೇ ನನಗೆ ಬೇಸರ.

ಇಲ್ಲಿ ಗಲಾಟೆಯಾಗಿದೆ. ಮಂಡಳಿಯ ಗಂಡಸರಿಗೆ ಎರಡು ವಾರದ ಹಿಂದೆ ಮೊದಲ ಮೂರು ಅಂಕ ತೋರಿಸಿದೆವು. ಕೈ ತೊಳೆಯುವ ದೃಶ್ಯ ಮುಗಿದಮೇಲೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಶ್ರೀನಿವಾಸಮೂರ್ತಿಗಳು ಕನ್ನಡಕ ತೆಗೆದು ಒರೆಸಿದರು.

"ವಸುಂಧರಾ, ಇದು ಫ್ಯಾಮಿಲಿ ಆಡಿಯನ್ಸ್ ಅಮ್ಮ. ಈ ಸೀನ್ ಕಟ್ ಮಾಡ್ಬಿಡಿ."

"ಇದರಲ್ಲಿ ಏನಿದೆ ಸರ್? ಗಾಯ ತೊಳೀತಾಳೆ."

"ಏನಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು."

"ಅವಳು ಇವನನ್ನ ಗಂಡಸು ಅಂದ್ಕೊಂಡಿದ್ದಾಳೆ ಸರ್, ಕಥೇನೇ ಹಾಗೆ."

"ಅವಳು ಅಂದ್ಕೊಂಡಿರಬಹುದು. ನೋಡೋರಿಗೆ ಗೊತ್ತಲ್ಲ, ಇಬ್ಬರೂ ಹೆಂಗಸರು ಅಂತ. ನನ್ನ ಮಗ ಅನುರಾಗ್ ಬರ್ತಾನೆ, ನಮ್ಮ ಎಂ.ಡಿ. ಫ್ಯಾಮಿಲಿ ಬರತ್ತೆ. ಸೀನ್ ಇದ್ರೆ ಡ್ರಾಮಾ ಇಲ್ಲ. ಹಾಡು ಹೇಳ್ಸಿ ಊಟ ಹಾಕಿ ಕಳಿಸ್ತೀವಿ."

ಅಮ್ಮ, ನಿನ್ನ ಪಾದ್ರಿಗಳು ಸತ್ತಿಲ್ಲ. ಸಫಾರಿ ಸೂಟು ಹಾಕಿಕೊಂಡು ನಮ್ಮ ಕಿಲೆಲೆಶ್ವಾದಲ್ಲಿದ್ದಾರೆ.

ನಾನು ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಅದು ಅಲ್ಲಿಗೇ ಮುಗಿಯಲಿಲ್ಲ. ಯಾರೋ ಬೆಂಗಳೂರಿಗೆ ಫೋನ್ ಮಾಡಿ ಪ್ರಿಯಂವದಾಳ ಮಾಜಿ ಗಂಡ ರೋಹನ್‌ಗೆ ಏನೇನೋ ಹೇಳಿದ್ದಾರೆ. ಅವನು ಅವಳಿಗೆ ಫೋನ್ ಮಾಡಿ, "ನನ್ನ ಮಗಳನ್ನ ಎಂಥ ವಾತಾವರಣದಲ್ಲಿ ಬೆಳೆಸ್ತಿದೀಯ ಅಂತ ಕೋರ್ಟಲ್ಲಿ ಕೇಳ್ತೀನಿ" ಎಂದನಂತೆ. ಅವಳು ತಾಲೀಮಿಗೆ ಬರುವುದನ್ನು ನಿಲ್ಲಿಸಿದಳು. ನಾನು ಮನೆಗೆ ಹೋದರೆ ಗೇಟಿನ ಹತ್ತಿರವೇ ನಿಂತು ಮಾತಾಡಿ ಕಳಿಸಿದಳು. ಅವಳ ಬಾಡಿಗೆ ಮನೆಯ ಬೋಗನ್‌ವಿಲ್ಲಾ ನಮ್ಮಿಬ್ಬರ ಮಧ್ಯೆ ಇತ್ತು. ಅವಳು ಒಂದು ಎಲೆ ಕಿತ್ತು ಚೂರು ಚೂರು ಮಾಡುತ್ತಾ ಮಳೆಯ ಬಗ್ಗೆ, ಮಗುವಿನ ಕೆಮ್ಮಿನ ಬಗ್ಗೆ ಹೇಳಿದಳು. ನಾನೂ ಅದನ್ನೇ ಮಾತಾಡಿದೆ.

ದೃಶ್ಯ ತೆಗೆದುಬಿಡೋಣ ಅನ್ನಿಸುತ್ತಿದೆ. ನನಗೇನೂ ಭಯವಿಲ್ಲ. ಆದರೆ ಅವಳ ಮಗುವಿನ ವಿಷಯದಲ್ಲಿ ಧೈರ್ಯ ತೋರಿಸಲು ನಾನು ಯಾರು? ನೀನು ಏನು ಹೇಳುತ್ತೀ?

ಸೌತ್ ಸಿ ನನ್ನ ದಾರಿಯಲ್ಲಿ ಇಲ್ಲ, ಅಮ್ಮ.

ವಸು

*

ಮೈಸೂರು
29 ಅಕ್ಟೋಬರ್ 2003

ವಸುಂಧರಾ,

ದೃಶ್ಯ ತೆಗೆದುಬಿಡು.

ನಿನ್ನ ಪತ್ರಗಳನ್ನೆಲ್ಲ ಇಂದು ಮತ್ತೆ ಒಟ್ಟಿಗೆ ಓದಿದೆ. ಆಗಸ್ಟಿನಲ್ಲಿ ಆಕೆ 'ಅವರು' ಆಗಿದ್ದರು. ಸೆಪ್ಟೆಂಬರಿನ ಪತ್ರದ ನಡುವಿನಲ್ಲಿ, ಮಗುವಿಗೆ ಉತ್ತರ ಕೊಟ್ಟ ಕಡೆ, ಒಂದೇ ಒಂದು ಸಲ 'ಎಂದರು' ಹೋಗಿ 'ಎಂದಳು' ಬಂತು. ಈಗ ಪತ್ರದ ತುಂಬ 'ಅವಳು', 'ಅವಳು'. ಭಾಷೆ ಪಾಠ ಮಾಡಿದವಳಿಗೆ ಸರ್ವನಾಮ ಓದಲು ಬರುತ್ತದೆ. ನಾನೇ ಬೇರೆ ಯಾವುದೋ ಹೆಸರು ಹುಡುಕಿಕೊಂಡು ಪಾಯಸ ಮಾಡಿದೆ.

ಆ ಟೊಪ್ಪಿಗೆ ನಿನ್ನ ತಲೆಗೆ ಅಂಟಿಕೊಳ್ಳುವ ಮೊದಲು ತೆಗೆ. ಆಕೆಗೆ ಮಗುವಿದೆ. ನಿನಗೆ ಉದ್ಯೋಗವಿದೆ. ನನಗೆ ಈ ಬೀದಿಯಲ್ಲಿ ಇನ್ನೂ ಬದುಕುವುದಿದೆ.

ವಿಮಲಾ

*

ನೈರೋಬಿ
17 ನವೆಂಬರ್ 2003

ಅಮ್ಮಾ,

ನೀನು ಹೆಸರು ಬರೆದು ಸಹಿ ಹಾಕಿದ ಪತ್ರ ನಾಟಕಕ್ಕೆ ಎರಡು ದಿನ ಮೊದಲು ಬಂತು. ಅಷ್ಟರಲ್ಲಿ ನಡೆಯಬೇಕಾದದ್ದು ನಡೆದುಹೋಗಿತ್ತು. ಒಂದೂ ಮುಚ್ಚಿಡದೆ ಹೇಳುತ್ತೇನೆ.

ನಾನು ದೃಶ್ಯ ತೆಗೆದಿದ್ದೆ. ಹೌದು, ನಿನ್ನ ಪತ್ರ ಬರುವ ಮೊದಲೇ, ನೀನು ಹೇಳುವುದಕ್ಕಿಂತ ಮೊದಲೇ. ಹೊಸ ಪ್ರತಿ ಹಂಚುವ ದಿನ ಪ್ರಿಯಂವದಾ ಬಂದಳು. ಬಾಗಿಲಲ್ಲೇ ನಿಂತು ಹಾಳೆ ತಿರುವಿ ನೋಡಿದಳು.

"ನನ್ನ ಸೀನ್ ಎಲ್ಲಿ?"

"ತೆಗೆದಿದೀನಿ ಪ್ರಿಯಾ. ನಿಕಿತಾ ವಿಷಯ..."

"ನಿಕಿತಾ ನನ್ನ ಮಗಳು. ಆ ಪಾತ್ರಾನೂ ನನ್ನದು. ತೆಗೆಯೋಕೆ ನೀನ್ಯಾರು?" ಅವಳ ದನಿ ಜೋರಿರಲಿಲ್ಲ. "ಹೆದರಿಸಿದ ಕೂಡಲೇ ಬಿಡೋದಾಗಿದ್ರೆ ನಾನು ಅವನ ಮನೇಲೇ ಇರ್ತಿದ್ದೆ ವಸು. ಇವತ್ತು ಸೀನ್ ಬಿಡು ಅಂತಾನೆ. ನಾಳೆ ಕೆಲಸ ಬಿಡು ಅಂತಾನೆ. ಎಲ್ಲೀವರೆಗೂ ಬಿಡಲಿ?"

ಗಿರಿಜಾ ಆಂಟಿ ಮೀಸೆ ಅಂಟಿಸುತ್ತಾ ಕನ್ನಡಿಯ ಮುಂದೆ ಕೂತಿದ್ದರು. ತಿರುಗಿ, "ಅವಳು ಸರಿಯಾಗಿ ಹೇಳಿದ್ಲು. ಇವರ ಜೊತೆ ನಾನು ಮಾತಾಡ್ತೀನಿ" ಎಂದು ಹಾಗೇ ಎದ್ದು ಒಳಕೋಣೆಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ. ನಮಗೆಲ್ಲ ಕೇಳಿಸಿತು.

"ರೀ, ಹದಿನೈದನೇ ತಾರೀಕು ಇನ್ನೂರು ಜನಕ್ಕೆ ಅಡುಗೆ ಯಾರು ಮಾಡೋದು?"

"ಪ್ರತಿ ವರ್ಷದ ಹಾಗೆ ಲೇಡೀಸ್ ವಿಂಗು."

"ನಾಟಕದಲ್ಲಿರೋರೇ ಲೇಡೀಸ್ ವಿಂಗು. ಸೀನ್ ಇಲ್ಲ ಅಂದ್ರೆ ಬಿಸಿಬೇಳೆಬಾತೂ ಇಲ್ಲ. ನಿಮ್ಮ ಎಂ.ಡಿ. ಫ್ಯಾಮಿಲಿಗೆ ಹಾಡು ಹೇಳ್ಸಿ ಕಳಿಸಿ."

"ಗಿರಿಜಾ, ಆ ಮೀಸೆ ತೆಗೆದು ಮಾತಾಡು."

"ತೆಗೆಯಲ್ಲ. ಮೀಸೆ ಇದ್ರೆ ನೀವು ಪೂರ್ತಿ ಕೇಳಿಸ್ಕೋತಿದೀರ."

ನಾಟಕವಾಯಿತು. ದೃಶ್ಯವೂ ಇತ್ತು. ಹಿಂದಿನ ಸಾಲಿನ ಕೆಲವರು ಎದ್ದು ಹೊರಗೆ ಹೋದದ್ದು ರಂಗದ ಮೇಲಿಂದ ಕಾಣುತ್ತಿತ್ತು. ಪ್ರಿಯಾ ನನ್ನ ಕೈ ಬಿಡಲಿಲ್ಲ. ತನ್ನ ಸಾಲನ್ನು ಕೊನೆಯ ಕುರ್ಚಿಗೂ ಮುಟ್ಟುವ ಹಾಗೆ ಹೇಳಿದಳು.

ಐದನೆಯ ಅಂಕಕ್ಕೆ ಬರುತ್ತೇನೆ. ಟೊಪ್ಪಿಗೆ ತೆಗೆಯುವುದನ್ನು ಕನ್ನಡದಲ್ಲಿ ನಾನು ಕೊನೆಗೆ ಇಟ್ಟಿದ್ದೆ. ನ್ಯಾಯಾಧೀಶನಾದ ಗಿರಿಜಾ ಆಂಟಿ ಮೊಣಕಾಲೂರಿ, ವಿಧವೆಯ ಕೈ ಕೇಳಿದರು. ಪ್ರಿಯಾ ಹೂಂ ಅನ್ನಬೇಕು. ಅವಳು ಅವರನ್ನು ನೋಡಿ, ನನ್ನನ್ನು ನೋಡಿ, "ಇಲ್ಲ" ಎಂದಳು. ನಾವು ಮಾತಾಡಿಕೊಂಡದ್ದಲ್ಲ ಅಮ್ಮ, ಆಣೆಗೂ. ಗಿರಿಜಾ ಆಂಟಿ ಒಂದು ಗಳಿಗೆ ಕಣ್ಣು ಬಿಟ್ಟು, ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, "ಹಾಗಾದ್ರೆ ನಾನು ಮನೆಗೆ ಹೋಗ್ತೀನಮ್ಮ. ನನಗೆ ಸಂಧಿವಾತ, ಎರಡನೇ ಸಲ ಬಗ್ಗೋಕಾಗಲ್ಲ" ಎಂದರು. ಆ ನಗು! ಹೊರಗೆ ಹೋಗಿದ್ದವರೂ ಏನಾಯಿತೆಂದು ಬಾಗಿಲಲ್ಲಿ ಇಣುಕಿದರು.

ಈಗ ನನ್ನ ಸರದಿ. ಕಪ್ತಾನ ಜಾಹ್ನವಿ ಹಾರ ಹಿಡಿದು ನಿಂತಿದ್ದಳು. ನಾನು ಟೊಪ್ಪಿಗೆಗೆ ಕೈ ಹಾಕಿದೆ. ಹೇರ್‌ಪಿನ್ನು ಜಾಸ್ತಿ ಇರಲಿಲ್ಲ, ನೀನು ಹೇಳಿದಂತೆಯೇ ಮಾಡಿದ್ದೆ. ಆದರೆ ತೆಗೆಯಲಿಲ್ಲ. ನಾಲ್ಕು ಅಂಕ ನಾನು ಸುಳ್ಳು, ಈಗ ನಿಜ ಎಂದು ಆ ಜನಕ್ಕೆ ತೋರಿಸಿಕೊಡಲು ಕೈ ಬರಲಿಲ್ಲ. ಟೊಪ್ಪಿಗೆಯನ್ನು ಇನ್ನಷ್ಟು ಕೆಳಗೆ ಒತ್ತಿಕೊಂಡು ಪ್ರಿಯಾಳ ಪಕ್ಕ ಹೋಗಿ ನಿಂತೆ. ಧನಂಜಯ್ ನಮ್ಮಿಬ್ಬರ ಮೇಲಿನದೊಂದನ್ನು ಬಿಟ್ಟು ಉಳಿದ ದೀಪಗಳನ್ನೆಲ್ಲ ಆರಿಸಿದರು.

ಈಗ ನೀನು ಸರ್ವನಾಮಗಳನ್ನು ಹುಡುಕಬೇಕಾಗಿಲ್ಲ. ನಾನು ಪ್ರಿಯಂವದಾಳನ್ನು ಪ್ರೀತಿಸುತ್ತೇನೆ, ಅವಳು ನನ್ನನ್ನು. ಡಿಸೆಂಬರಿನಿಂದ ಅವಳೂ ನಿಕಿತಾಳೂ ಕಿಲೆಲೆಶ್ವಾದ ನನ್ನ ಫ್ಲಾಟಿನಲ್ಲಿರುತ್ತಾರೆ. ಇದು ವೇಷವಲ್ಲ. ವೇಷ ಹಾಕಿದ್ದು ಇಲ್ಲಿಯವರೆಗೆ. ನಿನಗೆ ನೋವಾಗುತ್ತದೆ ಎಂದು ಗೊತ್ತು. ಆದರೂ ತಪ್ಪಾಯಿತು ಎಂದು ಬರೆಯುವುದಿಲ್ಲ.

ವಸು

*

ನೈರೋಬಿ
25 ಜನವರಿ 2004

ಅಮ್ಮಾ,

ಸಂಕ್ರಾಂತಿಗೆ ನೀನು ಎಳ್ಳು ಕಳಿಸದ ಮೊದಲ ವರ್ಷ ಇದು. ಪೋಸ್ಟ್ ಬಾಕ್ಸ್ ತೆರೆದಾಗಲೆಲ್ಲ ಬ್ಯಾಂಕಿನ ಲಕೋಟೆ, ಟೆಲಿಫೋನ್ ಬಿಲ್ಲು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಪಕ್ಕದ ಮನೆಗೆ ಮಾಡಿದರೆ ಅವರು, "ಅಮ್ಮ ದೇವಸ್ಥಾನಕ್ಕೆ ಹೋಗಿದಾರೆ" ಅನ್ನುತ್ತಾರೆ. ನೀನು ಯಾವತ್ತಿನಿಂದ ಅಷ್ಟೊಂದು ದೇವಸ್ಥಾನಕ್ಕೆ ಹೋಗುವವಳಾದೆ?

ಮಂಡಳಿಯ ಯುಗಾದಿ ಆಮಂತ್ರಣದ ಪಟ್ಟಿಯಿಂದ ನಮ್ಮನ್ನು ಬಿಟ್ಟಿದ್ದಾರೆ ಎಂದು ಈಗಲೇ ತಿಳಿಸಿದ್ದಾರೆ. ಗಿರಿಜಾ ಆಂಟಿ ಅಂದೇ ನಮ್ಮ ಮನೆಗೆ ಒಬ್ಬಟ್ಟು ತರುವುದಾಗಿ ಹೇಳಿದ್ದಾರೆ. ಆಫೀಸಿನಲ್ಲಿ ಯಾರೂ ಇದಕ್ಕೆ ತಲೆಕೆಡಿಸಿಕೊಂಡಿಲ್ಲ. ಮೇಲಿನ ಫ್ಲಾಟಿನವರು ಮೆಟ್ಟಿಲಲ್ಲಿ ಸಿಕ್ಕರೆ ಮಾತಾಡುವುದಿಲ್ಲ, ಅವರು ಮೊದಲೂ ಮಾತಾಡುತ್ತಿರಲಿಲ್ಲ.

ರೋಹನ್ ಹೇಳಿದ್ದನ್ನು ಮಾಡಿದ್ದಾನೆ. ನಿಕಿತಾಳನ್ನು ತನಗೆ ಕೊಡಬೇಕೆಂದು ಬೆಂಗಳೂರಿನ ಕೋರ್ಟಿನಲ್ಲಿ ಅರ್ಜಿ ಹಾಕಿದ್ದಾನೆ. ನಾಟಕದ ಫೋಟೋ ಲಗತ್ತಿಸಿದ್ದಾನಂತೆ. ಏಪ್ರಿಲ್ ಏಳಕ್ಕೆ ವಿಚಾರಣೆ. ಪ್ರಿಯಾ ಮಗುವನ್ನು ಕರೆದುಕೊಂಡು ಹೋಗುತ್ತಾಳೆ. ನಾನು ಜೊತೆಗೆ ಬಂದರೆ ಅವನಿಗೇ ಅನುಕೂಲ ಎಂದು ವಕೀಲರು ಹೇಳಿದ್ದರಿಂದ ಇಲ್ಲೇ ಉಳಿಯುತ್ತೇನೆ. ಅವಳಿಗೆ ತವರಿನವರು ಯಾರೂ ಬರುವುದಿಲ್ಲ. ಡೈವೋರ್ಸ್ ಆದಾಗಲೇ ಬಾಗಿಲು ಹಾಕಿಕೊಂಡವರು ಅವರು.

ನಿನ್ನನ್ನು ಏನೂ ಕೇಳುತ್ತಿಲ್ಲ. ನನಗೆ ಹೇಳಿಕೊಳ್ಳಲು ಇನ್ನೊಬ್ಬ ಅಮ್ಮ ಇಲ್ಲವಲ್ಲ, ಅದಕ್ಕೆ ಬರೆದೆ.

ವಸು

*

ಮೈಸೂರು
10 ಏಪ್ರಿಲ್ 2004

ವಸು,

ನಾನು ಒಪ್ಪಿದ್ದೇನೆ ಎಂದು ತಿಳಿಯಬೇಡ. ಮೊದಲು ಇದನ್ನು ಬರೆದು ಮುಂದಿನದನ್ನು ಬರೆಯುತ್ತೇನೆ.

ಫೆಬ್ರವರಿಯಲ್ಲಿ ಗೋಪಿನಾಥ ಬಂದಿದ್ದ. ಧನಂಜಯ್ ಮನೆಯವರಿಂದ ಏನೋ ಕೇಳಿದ್ದನಂತೆ. ಕಾಫಿ ಕುಡಿಯುತ್ತಾ, "ಅಕ್ಕ, ಅವಳನ್ನ ಯಾರಾದರೂ ಡಾಕ್ಟರಿಗೆ ತೋರಿಸಬೇಕು. ಬುದ್ಧಿ ಕೆಟ್ಟಿದೆ ಅವಳಿಗೆ" ಎಂದ. ಅದೇ ಮಾತನ್ನು ನಾನು ಮೂರು ತಿಂಗಳಿಂದ ಒಳಗೊಳಗೇ ಅನ್ನುತ್ತಿದ್ದೆ. ಅವನ ಬಾಯಿಂದ ಕೇಳಿದಾಗ ಮೈ ಉರಿಯಿತು. "ನನ್ನ ಮಗಳ ಬುದ್ಧಿಯ ವಿಷಯ ಎತ್ತಬೇಡ. ಎರಡು ಸಲ ಎಸ್ಸೆಸ್ಸೆಲ್ಸಿ ಕಟ್ಟಿದವನು ನೀನು" ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು ಹೋದ. ಆಮೇಲೆ ಒಬ್ಬಳೇ ಕೂತು, ನಾನು ಯಾಕೆ ಹಾಗೆ ಅಂದೆ ಎಂದು ಯೋಚಿಸಿದೆ. ಆದರೆ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಏಳನೆಯ ತಾರೀಕು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಆಕೆ ಹೇಗಿದ್ದಾಳೆ ಎಂದು ದೂರದಿಂದ ನೋಡಿಕೊಂಡು ಬರೋಣ ಎಂದಷ್ಟೇ. ಕೋರ್ಟಿನ ಪಡಸಾಲೆಯಲ್ಲಿ ಉದ್ದನೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ನೀಲಿ ಕಾಟನ್ ಸೀರೆ. ಮಗು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಎದುರು ಬೆಂಚಿನಲ್ಲಿ ರೋಹನ್, ಅವನ ತಾಯಿ, ತಂಗಿ, ಚಿಕ್ಕಪ್ಪ, ವಕೀಲರು, ಇನ್ನೂ ಯಾರು ಯಾರೋ, ಮದುವೆ ಮನೆಗೆ ಬಂದಂತೆ. ಈ ಕಡೆ ಬೆಂಚಿನಲ್ಲಿ ಅವಳೊಬ್ಬಳೇ. ವಕೀಲರು ಇನ್ನೂ ಬಂದಿರಲಿಲ್ಲ. ಆ ಹೆಂಗಸರು ಅವಳಿಗೆ ಕೇಳಿಸಲೆಂದೇ ಮಾತಾಡುತ್ತಿದ್ದರು. ಅವಳು ತಲೆ ತಗ್ಗಿಸಿರಲಿಲ್ಲ ವಸು. ನೆಟ್ಟಗೆ ಎದುರಿಗೆ ನೋಡುತ್ತಾ ಮಗುವಿನ ಕೂದಲು ನೇವರಿಸುತ್ತಿದ್ದಳು.

ದೂರ ನಿಂತಿದ್ದ ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳಿಗೆ ನಾನು ಯಾರೆಂದು ಗೊತ್ತಾಗಲಿಲ್ಲ. "ತಿಂಡಿ ತಿಂದಿದೀಯೇನಮ್ಮ?" ಎಂದೆ. ಹೂಂ ಎಂದಳು. ಸುಳ್ಳು. ಚೀಲದಿಂದ ಚಪಾತಿ ಸುರುಳಿ ತೆಗೆದು ಕೊಟ್ಟೆ. ಎದ್ದು ಕೂತ ಮಗು ಅರ್ಧ ಕಿತ್ತುಕೊಂಡಿತು.

ನ್ಯಾಯಾಧೀಶರು ಹೆಂಗಸು. ನಿಕಿತಾಳನ್ನು ಒಬ್ಬಳನ್ನೇ ಒಳಗೆ ಕರೆಸಿ ಬಹಳ ಹೊತ್ತು ಮಾತಾಡಿದರು. ಫೋಟೋವನ್ನೂ ನೋಡಿದರಂತೆ. ನಾಟಕದಲ್ಲಿ ವೇಷ ಹಾಕಿದ್ದನ್ನು ಕೋರ್ಟಿಗೆ ಯಾಕೆ ತಂದಿರಿ ಎಂದು ರೋಹನ್‌ನ ವಕೀಲರನ್ನೇ ಕೇಳಿದರಂತೆ. ಮಗು ತಾಯಿಯ ಹತ್ತಿರವೇ ಇರಬೇಕು, ಬೇಸಿಗೆ ರಜೆಯಲ್ಲಿ ತಂದೆ ನೋಡಬಹುದು ಎಂದು ಆಯಿತು. ಇದೆಲ್ಲ ನಿನಗೆ ಅವಳೇ ಫೋನಿನಲ್ಲಿ ಹೇಳಿರುತ್ತಾಳೆ. ಅವಳು ಹೇಳದೇ ಇರುವುದು ಒಂದಿರಬಹುದು, ಅದಕ್ಕೇ ಈ ಪತ್ರ.

ಒಳಗೆ ಕರೆಯುವ ಮೊದಲು ರೋಹನ್‌ನ ತಾಯಿ ಎದ್ದು ನಮ್ಮ ಬೆಂಚಿನ ಹತ್ತಿರ ಬಂದರು. ನನ್ನದೇ ವಯಸ್ಸು, ರೇಷ್ಮೆ ಸೀರೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ತಾವು ಯಾರ ಕಡೆಯವರು?"

ಮೈಸೂರಿನಿಂದ ರೈಲಿನಲ್ಲಿ ಕೂತು ಬಂದಷ್ಟು ಹೊತ್ತೂ, ಯಾರಾದರೂ ಕೇಳಿದರೆ ಏನು ಹೇಳುವುದೆಂದು ನಾನು ಯೋಚಿಸಿರಲಿಲ್ಲ. ಯೋಚಿಸಲು ಅಲ್ಲಿ ಸಮಯವೂ ಇರಲಿಲ್ಲ.

"ಇವಳ ಕಡೆಯವಳು" ಎಂದೆ.

ಅಮ್ಮ